ನಂಬಬೇಕಾದರೆ ಬುದ್ಧಿಯನ್ನು ಪಕ್ಕಕ್ಕಿಡಬೇಕಾ?

"ಕ್ರೈಸ್ತರಲ್ಲಿ ನಂಬಿಕೆ ಅಂದರೆ ಪ್ರಶ್ನೆ ಕೇಳದೆ ಒಪ್ಪಿಕೊಳ್ಳುವುದಾ?" ಎಂದು ಕೇಳಿದ್ದೀರಿ. ನಾನು ವಿರಾಜಪೇಟೆಯ ಕಥೋಲಿಕ. ದೇವಶಾಸ್ತ್ರ ಓದಿದವನಲ್ಲ, ಆಸಕ್ತಿಯಿಂದ ಓದಿಕೊಂಡಷ್ಟು ಹೇಳುತ್ತೇನೆ.

ಹಾಗೆ ಹೇಳಿದವರು ಇಲ್ಲವೆಂದಲ್ಲ. ಅಥೆನ್ಸ್‌ಗೂ ಜೆರುಸಲೇಮಿಗೂ, ಅಂದರೆ ತತ್ವಶಾಸ್ತ್ರಕ್ಕೂ ನಂಬಿಕೆಗೂ, ಏನು ಸಂಬಂಧ ಎಂದು ಆರಂಭಕಾಲದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಕೇಳಿದ್ದು ಸುಮಾರು 1800 ವರ್ಷಗಳ ಹಿಂದೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಕೂಡ ತರ್ಕವನ್ನು ಚೆನ್ನಾಗಿಯೇ ಬೈದಿದ್ದಾರೆ. ಆದರೆ ಕಥೋಲಿಕ ಸಭೆ ಹಿಡಿದ ದಾರಿ ಅದಲ್ಲ. ದೇವರು ಇದ್ದಾರೆ ಎಂಬುದನ್ನು ಮನುಷ್ಯ ತನ್ನ ಬುದ್ಧಿಯಿಂದಲೇ ತಿಳಿಯಬಹುದು ಎಂದು 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ (ಕಥೋಲಿಕ ಬಿಷಪರ ಸಭೆ) ಅಧಿಕೃತವಾಗಿಯೇ ಸಾರಿತು.

ನನಗೆ ಜಾಸ್ತಿ ಇಷ್ಟವಾಗುವುದು 11ನೇ ಶತಮಾನದ ಸನ್ಯಾಸಿ ಅನ್ಸೆಲ್ಮ್. ದೇವರಿಗಿಂತ ದೊಡ್ಡದನ್ನು ಯೋಚಿಸಲೂ ಆಗದು, ಬರೀ ಯೋಚನೆಯಲ್ಲಿರುವುದಕ್ಕಿಂತ ನಿಜವಾಗಿ ಇರುವುದೇ ದೊಡ್ಡದು, ಹಾಗಾದರೆ ದೇವರು ಇರಲೇಬೇಕು ಎಂಬುದು ಅವರ ವಾದ. ಗೌನಿಲೋ ಎಂಬ ಇನ್ನೊಬ್ಬ ಸನ್ಯಾಸಿ ಒಪ್ಪಲಿಲ್ಲ. 'ಇದಕ್ಕಿಂತ ಒಳ್ಳೆಯ ದ್ವೀಪ ಇಲ್ಲ' ಎಂದು ಊಹಿಸಿಕೊಂಡರೆ ಆ ದ್ವೀಪ ಎಲ್ಲೋ ಇದ್ದುಬಿಡುತ್ತದಾ ಎಂದು ಕೇಳಿದರು. ಅನ್ಸೆಲ್ಮ್ ಸಿಟ್ಟಾಗಲಿಲ್ಲ. ಆ ಆಕ್ಷೇಪವನ್ನೂ ತಮ್ಮ ಉತ್ತರವನ್ನೂ ಪುಸ್ತಕದ ಜೊತೆಗೇ ಸೇರಿಸಿಸಿದರು. ಇಬ್ಬರೂ ನಂಬಿದವರೇ, ಅಲ್ವಾ? (ನನ್ನ ಓಟು ಗೌನಿಲೋಗೆ.)

ಇದೆಲ್ಲ ಮಠದೊಳಗಿನ ಚರ್ಚೆ ಅನ್ನಿಸಬಹುದು. ಆದರೆ 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಮ್ಮಲ್ಲಿ ಇದೇ ಪ್ರಶ್ನೆ ಎದ್ದಿತ್ತು. "ಇದು ದೇವರ ಶಿಕ್ಷೆ" ಎಂದವರು ಎಲ್ಲ ಮತದಲ್ಲೂ ಇದ್ದರು. 13ನೇ ಶತಮಾನದ ಕಥೋಲಿಕ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಪ್ರಕಾರ ದೇವರು ಎಲ್ಲಕ್ಕೂ ಮೂಲ ಕಾರಣ ನಿಜ, ಆದರೆ ಸೃಷ್ಟಿಯಲ್ಲಿರುವ ಕಾರಣಗಳೂ ಸುಳ್ಳಲ್ಲ. ಮಳೆ ಎಷ್ಟು ಸುರಿಯಿತು, ರಸ್ತೆಗೂ ಮನೆಗೂ ಇಳಿಜಾರನ್ನು ಎಷ್ಟು ಕಡಿದೆವು ಎಂದು ಭೂವಿಜ್ಞಾನಿ ಲೆಕ್ಕ ಹಾಕಿದರೆ ದೇವರಿಗೆ ಅವಮಾನವೇನೂ ಆಗುವುದಿಲ್ಲ. ಶಿಕ್ಷೆಯ ಮಾತಿಗಂತೂ ಯೇಸುವೇ ಉತ್ತರ ಕೊಟ್ಟಿದ್ದಾರೆ. ಜೆರುಸಲೇಮಿನ ಸಿಲೋವಾಮ್‌ನಲ್ಲಿ ಗೋಪುರ ಬಿದ್ದು 18 ಜನ ಸತ್ತರಲ್ಲ, ಅವರೇನು ಉಳಿದವರಿಗಿಂತ ದೊಡ್ಡ ಪಾಪಿಗಳಾ? ಅಲ್ಲ ಎನ್ನುತ್ತಾರೆ. ಲೂಕನ ಶುಭಸಂದೇಶದ 13ನೇ ಅಧ್ಯಾಯ ನೋಡಿ.

ಹಾಗಂತ ಎಲ್ಲವನ್ನೂ ತರ್ಕದಿಂದ ಸಾಬೀತು ಮಾಡಬಹುದು ಎಂದೂ ಅಕ್ವಿನಾಸ್ ಹೇಳಲಿಲ್ಲ. ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬರೇ ದೇವರು ಎಂಬುದು (ಇದೇ ತ್ರಿತ್ವ) ದೇವರೇ ತಿಳಿಸಿದರೆ ಮಾತ್ರ ತಿಳಿಯುವಂಥದ್ದು. ಅದನ್ನು ಬುದ್ಧಿಯಿಂದ ಸಾಬೀತು ಮಾಡಲು ಹೊರಟರೆ ನಂಬಿಕೆಗೇ ನಷ್ಟ, ಇಂಥ ಜೊಳ್ಳು ವಾದ ನೆಚ್ಚಿಕೊಂಡು ನಂಬಿದ್ದಾರೆ ಎಂದು ನಂಬದವರು ನಗುತ್ತಾರೆ ಎಂದು ಎಚ್ಚರಿಸಿದ್ದರು. ನೀರು, ಮಂಜುಗಡ್ಡೆ, ಹಬೆ ತೋರಿಸಿ 'ತ್ರಿತ್ವಕ್ಕೆ ವಿಜ್ಞಾನದ ಸಾಕ್ಷಿ' ಎನ್ನುವ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿದ್ದರೆ, ಸುಮ್ನೆ ಡಿಲೀಟ್ ಮಾಡಿ.