ಸರ್ವರ್ ಯಾವುದಕ್ಕಾಗಿ ಕಾಯುತ್ತಿದೆ?

ಪ್ರಶ್ನೆ: ನಮ್ಮದು ಕಾಫಿ ಬೆಳೆಗಾರರ ಸಹಕಾರ ಸಂಘ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಸಂಜೆಯ ಹೊತ್ತು ಒಂದು ತೂಕದ ಚೀಟಿ ಹೊರಬರಲು ನಿಮಿಷ ಹಿಡಿಯುತ್ತದೆ. ಚೆರ್ರಿ ಮೂಟೆ ತುಂಬಿದ ಜೀಪುಗಳು ಸಾಲುಗಟ್ಟಿ ನಿಲ್ಲುತ್ತವೆ. ಮೈಎಸ್‌ಕ್ಯುಎಲ್ ಎಂಬ ದತ್ತಾಂಶ ತಂತ್ರಾಂಶ ಇರುವ ನಮ್ಮ ಸರ್ವರ್‌ಗೆ ನಾಲ್ಕು ಕೋರ್‌ಗಳ ಪ್ರೊಸೆಸರ್, 8 ಜಿಬಿ ರ್‍ಯಾಮ್ ಮತ್ತು ಹಾರ್ಡ್ ಡಿಸ್ಕ್ ಇದೆ. ದತ್ತಾಂಶ ಸುಮಾರು 3 ಜಿಬಿ. ಪ್ರೊಸೆಸರ್ ಬಳಕೆ ಶೇ. 15 ದಾಟುವುದಿಲ್ಲ, ಡಿಸ್ಕಿನ ದೀಪ ಮಾತ್ರ ಆರುವುದೇ ಇಲ್ಲ. ಎಂಟು ಕೋರ್, 32 ಜಿಬಿಯ ಹೊಸ ಸರ್ವರ್ ಕೊಂಡರೆ ವೇಗ ಹೆಚ್ಚುವುದೇ?
— ಸಂಘದ ಕಾರ್ಯದರ್ಶಿ, ವಿರಾಜಪೇಟೆ

ಉತ್ತರ: ಮಾನ್ಯರೇ, ಡಿಸ್ಕಿನ ದೀಪವನ್ನು ಗಮನಿಸಿ ಬರೆದದ್ದು ಬಹಳ ಉಪಯೋಗಕ್ಕೆ ಬಂತು. ಬೆಳೆಗಾರರ ಹಣದಿಂದ ಹೊಸ ಯಂತ್ರ ಕೊಳ್ಳುವ ತೀರ್ಮಾನವನ್ನು ದಯವಿಟ್ಟು ಸದ್ಯಕ್ಕೆ ಮುಂದೂಡಿ.

ಮೊದಲು ಪ್ರೊಸೆಸರ್ ವಿಷಯ. ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ದುಡಿದರೂ ಒಟ್ಟು ಬಳಕೆ ಶೇ. 25 ಎಂದೇ ಕಾಣುತ್ತದೆ. ಮೈಎಸ್‌ಕ್ಯುಎಲ್ ಸಾಮಾನ್ಯವಾಗಿ ಒಂದು ಕ್ವೆರಿಯನ್ನು, ಅಂದರೆ ದತ್ತಾಂಶದಿಂದ ಮಾಹಿತಿ ಕೇಳುವ ಆದೇಶವನ್ನು, ಒಂದೇ ಕೋರ್‌ನಲ್ಲಿ ನಡೆಸುವುದರಿಂದ ಆ ಅಂಕಿಯನ್ನು ಕಂಡಿದ್ದರೆ ನಾನು ಅನುಮಾನಿಸುತ್ತಿದ್ದೆ. ನಿಮ್ಮಲ್ಲಿ ಅದು ಶೇ. 15ರೊಳಗೇ ಇದೆ. ಹಾಗಾಗಿ ಕೋರ್‌ಗಳನ್ನು ಎಂಟು ಮಾಡಿದರೂ ಅವು ಡಿಸ್ಕಿಗಾಗಿ ಕಾಯುತ್ತಲೇ ಕೂರುತ್ತವೆ.

ಡಿಸ್ಕ್ ಏಕೆ ಅಷ್ಟು ಓದುತ್ತಿದೆ ಎಂಬುದೇ ಮುಖ್ಯ ಪ್ರಶ್ನೆ. ಮೈಎಸ್‌ಕ್ಯುಎಲ್ ತಾನು ಓದಿದ್ದನ್ನು ಬಫರ್ ಪೂಲ್ ಎಂಬ ಜಾಗದಲ್ಲಿ, ಅಂದರೆ ರ್‍ಯಾಮ್‌ನಲ್ಲಿ, ಇಟ್ಟುಕೊಳ್ಳುತ್ತದೆ. ಯಾರೂ ಬದಲಿಸದಿದ್ದರೆ ಅದರ ಅಳತೆ ಸಾಮಾನ್ಯವಾಗಿ 128 ಎಂಬಿ ಮಾತ್ರ. ಹಾಗೆಯೇ ಬಿಟ್ಟಿದ್ದರೆ 32 ಜಿಬಿ ಹಾಕಿದರೂ ಬಫರ್ ಪೂಲ್‌ಗೆ ಸಿಗುವುದು ಅಷ್ಟೇ. ಯಂತ್ರದಲ್ಲಿ ಬೇರೆ ದೊಡ್ಡ ಕೆಲಸಗಳಿಲ್ಲದಿದ್ದರೆ ಅದನ್ನು 4 ಜಿಬಿಗೆ ಏರಿಸಿ. ನಿಮ್ಮ 3 ಜಿಬಿ ದತ್ತಾಂಶ ಪೂರ್ತಿಯಾಗಿ ಅದರೊಳಗೆ ಹಿಡಿಸುತ್ತದೆ.

ಮುಂದಿನದು ಕ್ವೆರಿ. ಮಿತಿಗಿಂತ ತಡವಾಗುವ ಕ್ವೆರಿಗಳನ್ನು ದಾಖಲಿಸುವ ಸ್ಲೋ ಕ್ವೆರಿ ಲಾಗ್ ತೆರೆದು, ಮಿತಿಯನ್ನು ಮೂಲದ 10 ಸೆಕೆಂಡಿನಿಂದ 1 ಸೆಕೆಂಡಿಗೆ ಇಳಿಸಿ, ಜೀಪುಗಳು ಬರುವ ಹೊತ್ತಿನಲ್ಲೇ ಒಂದು ಸಂಜೆ ನೋಡಿ. ಸಿಕ್ಕ ಕ್ವೆರಿಗೆ, ಅದು ಹೇಗೆ ನಡೆಯುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿದಾಗ, ಒಬ್ಬ ಬೆಳೆಗಾರರ ಈ ಸಾಲಿನ ಮೊತ್ತಕ್ಕಾಗಿ ಇಡೀ ಕೋಷ್ಟಕವನ್ನೇ ಓದುತ್ತಿರುವುದು ಕಾಣಬಹುದು. ಪ್ರತಿ ಚೀಟಿಯ ತಾರೀಖಿನಿಂದ ವರ್ಷವನ್ನು ಬೇರ್ಪಡಿಸಿ ಹೋಲಿಸುವ ಕ್ವೆರಿಗೆ, ತಾರೀಖಿನ ಮೇಲೆ ಇಂಡೆಕ್ಸ್ (ಬೇಕಾದದ್ದನ್ನು ಬೇಗ ಹುಡುಕಿಕೊಡುವ ಸೂಚಿ) ಇದ್ದರೂ ಸಾಮಾನ್ಯವಾಗಿ ಅದು ನೆರವಾಗದು. ‘ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ’ ಎಂದು ನೇರವಾಗಿ ಬರೆದು, ಸದಸ್ಯರ ಸಂಖ್ಯೆ ಮತ್ತು ತಾರೀಖು ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ ಮಾಡಿದರೆ, ಆ ಬೆಳೆಗಾರರ ಚೀಟಿಗಳನ್ನಷ್ಟೇ ಓದಿದರೆ ಸಾಕಾಗುತ್ತದೆ.

ಇವೆರಡರ ನಂತರವೂ ಚೀಟಿ ಉಳಿಸುವಾಗ ತಡವಾದರೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಕೊಳ್ಳಿ, ಅದಕ್ಕೆ ನನ್ನ ಒಪ್ಪಿಗೆ ಪೂರ್ತಿ ಇದೆ. ನಿಮಿಷಕ್ಕೆ 7,200 ಸುತ್ತಿನ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಜಾಗ ತಿರುಗಿ ಬರಲು ಸರಾಸರಿ 4 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಬರೆದದ್ದು ಡಿಸ್ಕಿಗೆ ಮುಟ್ಟಲೇಬೇಕಾದ್ದರಿಂದ ಈ ಕಾಯುವಿಕೆಯನ್ನು ರ್‍ಯಾಮ್ ತಪ್ಪಿಸಲಾರದು. ಪ್ರತಿ ಬದಲಾವಣೆಯನ್ನೂ ಬರೆದಿಡುವ ಮೈಎಸ್‌ಕ್ಯುಎಲ್‌ನ ಇನ್ನೊಂದು ಲಾಗ್ ಅನ್ನು ಪ್ರತಿ ಚೀಟಿಗೂ ಡಿಸ್ಕಿಗೆ ಮುಟ್ಟಿಸುವ ಬದಲು ಸೆಕೆಂಡಿಗೊಮ್ಮೆ ಮುಟ್ಟಿಸುವಂತೆ ಬದಲಿಸಿ ವೇಗ ಪಡೆಯಿರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಯುಪಿಎಸ್ ಕೈಕೊಟ್ಟ ಹೊತ್ತಿನಲ್ಲಿ ಕರೆಂಟು ಹೋದರೆ, ಬೆಳೆಗಾರರ ಕೈಯಲ್ಲಿರುವ ಕೊನೆಯ ಚೀಟಿ ಸಂಘದ ಲೆಕ್ಕದಲ್ಲಿ ಇಲ್ಲದೆಹೋಗಬಹುದು.