ಮೈ ಬದಲಾಯಿತು ಮೇಡಂ, ಧೈರ್ಯ ಯಾವಾಗ ಬರುತ್ತೆ?

ವ್ಯಾಯಾಮದ ಬಗ್ಗೆ ಓದುಗರ ಪ್ರಶ್ನೆಗಳಿಗೆ ನಮ್ಮ ಫಿಟ್‌ನೆಸ್ ಟ್ರೈನರ್ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆತ್ಮವಿಶ್ವಾಸದ ಸುತ್ತಲೇ ಇವೆ.

ಪ್ರಶ್ನೆ: ನನಗೆ 24 ವರ್ಷ. ಚಿಕ್ಕಂದಿನಿಂದ 'ನರಪೇತಲ' ಅಂತಲೇ ಕರೆಸಿಕೊಂಡು ಬೆಳೆದವನು. ಹೋದ ತಿಂಗಳು ಜಿಮ್ ಸೇರಿದೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಭಾರ ಎತ್ತುವ ಕಡೆ ಹೋಗೋಕೆ ನಾಚಿಕೆ. ಟ್ರೆಡ್‌ಮಿಲ್ ಮೇಲೆ ಓಡಿ ವಾಪಸ್ ಬಂದುಬಿಡುತ್ತೇನೆ. ಕನ್ನಡಿಯಲ್ಲಿ ಏನೂ ಬದಲಾವಣೆ ಕಾಣುತ್ತಿಲ್ಲ. ಬಿಟ್ಟುಬಿಡಲಾ ಮೇಡಂ?

ಉತ್ತರ: ಬಿಡಬೇಡಿ. ಆದರೆ ಮಾಡುತ್ತಿರುವುದನ್ನು ಸ್ವಲ್ಪ ಬದಲಿಸೋಣ.

ಮೊದಲು ಆ ಕಣ್ಣುಗಳ ವಿಷಯ. ಥಾಮಸ್ ಗಿಲೊವಿಚ್ ಅನ್ನುವ ಮನಶ್ಶಾಸ್ತ್ರಜ್ಞರು ಜೊತೆಗಾರರೊಂದಿಗೆ 2000ದಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಚಿತ್ರ ಇರುವ ಟೀ ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಆಮೇಲೆ, 'ನಿಮ್ಮ ಶರ್ಟ್ ಎಷ್ಟು ಜನ ಗಮನಿಸಿರಬಹುದು?' ಅಂತ ಕೇಳಿದರು. ಹತ್ತಿರ ಹತ್ತಿರ ಅರ್ಧ ಜನ ಅಂದರು ವಿದ್ಯಾರ್ಥಿಗಳು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲು ಭಾಗ. ಜಿಮ್‌ನಲ್ಲಿ ಇದು ಇನ್ನೂ ಕಡಿಮೆ ಅನ್ನುವುದು ನನ್ನ ಅನುಭವ. ಒಂದು ಸೆಟ್, ಅಂದರೆ ಒಂದು ಸುತ್ತು ವ್ಯಾಯಾಮ, ಮುಗಿಸಿದ ಮನುಷ್ಯ ಏದುಸಿರು ಬಿಡುತ್ತಾ ಗಡಿಯಾರ ನೋಡುತ್ತಾನೆ, ನೀರು ಕುಡಿಯುತ್ತಾನೆ, ಮುಂದಿನ ಸೆಟ್‌ಗೆ ಎಷ್ಟು ಭಾರ ಹಾಕಲಿ ಅಂತ ಲೆಕ್ಕ ಹಾಕುತ್ತಾನೆ. ಪಕ್ಕದವನ ತೋಳಿನ ಅಳತೆ ತಗೊಳ್ಳುವಷ್ಟು ಪುರುಸೊತ್ತು ಅವನಿಗಿರುವುದಿಲ್ಲ.

ಇನ್ನು ಕನ್ನಡಿ. ಶುರುವಿನ ಕೆಲವು ವಾರಗಳಲ್ಲಿ ಹೆಚ್ಚುವ ಶಕ್ತಿ ಬಹುಪಾಲು ನರಗಳ ಕೆಲಸ. ಸ್ನಾಯು ಇನ್ನೂ ದಪ್ಪ ಆಗಿರುವುದಿಲ್ಲ. ಇರುವ ಸ್ನಾಯುವಿನಲ್ಲೇ ಜಾಸ್ತಿ ಎಳೆಗಳನ್ನು ಒಟ್ಟಿಗೆ ಎಬ್ಬಿಸುವುದನ್ನು ಮಿದುಳು ಕಲಿಯುತ್ತಿರುತ್ತದೆ. ಕಣ್ಣಿಗೆ ಕಾಣುವ ಬದಲಾವಣೆಗೆ ತಿಂಗಳುಗಳೇ ಬೇಕು. ಹಾಗಾಗಿ ಮೊದಲ ತಿಂಗಳಲ್ಲಿ ಕನ್ನಡಿಯನ್ನು ಕೇಳಿದರೆ ಅದು 'ಇಲ್ಲ' ಅಂತಲೇ ಹೇಳುತ್ತದೆ. ಅದನ್ನು ನಂಬಿ ಎಷ್ಟೋ ಜನ ಬಿಟ್ಟು ಹೋಗುತ್ತಾರೆ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಅದಕ್ಕೆ. ಒಳಗೆ ಕೆಲಸ ಶುರುವಾಗಿರುತ್ತದೆ, ಇವರು ಹೊರಟುಬಿಟ್ಟಿರುತ್ತಾರೆ.

ಕನ್ನಡಿ ಬಿಟ್ಟು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 'ಇದು ನನ್ನಿಂದ ಆಗುತ್ತೆ' ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ್ದರು. ನಾಲ್ಕು ಮೂಲ ಹೇಳಿದರು. ನಮ್ಮಂಥವರು ಮಾಡುವುದನ್ನು ನೋಡುವುದು, ಇನ್ನೊಬ್ಬರು ಹುರಿದುಂಬಿಸುವುದು, ಆ ಹೊತ್ತಿಗೆ ನಮ್ಮ ಮೈಮನಸ್ಸು ಹೇಗಿದೆ ಅನ್ನುವುದು, ಇವು ಮೂರು. ಎಲ್ಲಕ್ಕಿಂತ ಗಟ್ಟಿಯಾದ ನಾಲ್ಕನೆಯದು, ಸ್ವತಃ ಮಾಡಿ ಗೆದ್ದ ಅನುಭವ. ಗೆಲುವು ಚಿಕ್ಕದಾದರೂ ಪರವಾಗಿಲ್ಲ, ಅದು ನಿಮ್ಮದೇ ಆಗಿರಬೇಕು.

ನಿಮಗೆ ಪುಷ್ ಅಪ್ ಕೊಡುತ್ತೇನೆ. ಸುಮಾರು 60 ಸೆಂಟಿಮೀಟರ್ ಎತ್ತರದ ಬೆಂಚಿನ ಮೇಲೆ ಕೈ ಇಟ್ಟು ಮಾಡಿದರೆ ಕೈಗಳ ಮೇಲೆ ಬೀಳುವುದು ನಿಮ್ಮ ತೂಕದ ಶೇಕಡ 40ರಷ್ಟು ಮಾತ್ರ. ನೆಲದ ಮೇಲೆ ಮಂಡಿಯೂರಿ ಮಾಡಿದರೆ ಅರ್ಧದಷ್ಟು. ಕಾಲು ಚಾಚಿ ಪೂರ್ತಿ ಮಾಡಿದರೆ ಹೆಚ್ಚುಕಡಿಮೆ ಮೂರನೇ ಎರಡು ಭಾಗ. ಬೆಂಚಿನಿಂದ ಶುರು ಮಾಡಿ. 12 ಸಲ ನೀಟಾಗಿ ಬಂದ ಮೇಲೆ ಇನ್ನೂ ತಗ್ಗಾದ ಜಾಗ ಹುಡುಕಿ. ತಾರೀಖು, ಎತ್ತರ, ಎಷ್ಟು ಸಲ, ಇಷ್ಟು ಬರೆದಿಡಿ. ಒಂದು ದಿನ ನೆಲಕ್ಕೆ ಬರುತ್ತೀರಿ. ಎದೆ ಒಂದು ಗೇಣು ಮೇಲೆ ಬಂದು ನಿಂತುಬಿಡುತ್ತದೆ. ಮೊಣಕೈ ನಡುಗುತ್ತದೆ, ಸೊಂಟ ಕುಸಿಯಲು ನೋಡುತ್ತದೆ, ಕಿವಿ ಬಿಸಿಯಾಗುತ್ತದೆ. ಹೊಟ್ಟೆ ಬಿಗಿ ಹಿಡಿದು ತಳ್ಳುತ್ತಲೇ ಇದ್ದರೆ ಕೈ ನೇರವಾಗುತ್ತದೆ. ಅದಾದ ಮೇಲೆ ಜನ ಎದ್ದು ನಿಲ್ಲುವ ರೀತಿ ನೋಡಬೇಕು ನೀವು. ತೋಳು ಹಿಂದಿನ ದಿನದಷ್ಟೇ ಸಣ್ಣ, ಆದರೆ ತಲೆ ಎತ್ತಿರುತ್ತದೆ.

ಟ್ರೆಡ್‌ಮಿಲ್ ವಾರ್ಮ್ ಅಪ್‌ಗೆ ಐದು ನಿಮಿಷ ಸಾಕು. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ಟ್ರೈನರ್ ಹತ್ತಿರ ಸ್ಕ್ವಾಟ್ (ಬಸ್ಕಿ ಥರ ಕೂತು ಏಳುವುದು) ಮತ್ತು ರೋಯಿಂಗ್ (ಭಾರವನ್ನು ಮೈ ಕಡೆಗೆ ಎಳೆಯುವುದು) ಹೇಳಿಸಿಕೊಳ್ಳಿ. ಊಟ ಜಾಸ್ತಿ ಮಾಡಿ, ನಿದ್ದೆ ಕೆಡಿಸಬೇಡಿ. ದಿನಕ್ಕೆ ನಿಮ್ಮ ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೋಟೀನ್ ಸಿಕ್ಕರೆ ಸ್ನಾಯು ಬೆಳೆಸಲು ಸಾಕು.

ಪ್ರಶ್ನೆ: 21 ದಿನ ಬಿಡದೆ ಮಾಡಿದರೆ ವ್ಯಾಯಾಮ ಅಭ್ಯಾಸ ಆಗಿಬಿಡುತ್ತದೆ ಅಂತಾರೆ. ನಾನು ಪ್ರತಿ ಸಲ 10-12 ದಿನಕ್ಕೆ ತಪ್ಪಿಸಿ, ಮತ್ತೆ ಒಂದರಿಂದ ಎಣಿಸುತ್ತೇನೆ. ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ. (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಎಣಿಸುವುದನ್ನು ಇವತ್ತೇ ನಿಲ್ಲಿಸಿ. ಲಂಡನ್‌ನಲ್ಲಿ ಸಂಶೋಧಕಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ 12 ವಾರ ಇದನ್ನೇ ಅಧ್ಯಯನ ಮಾಡಿದರು. ಒಂದು ಹೊಸ ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ನಡುಮಟ್ಟದ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಅನ್ನುವ ಅಂದಾಜು ಬಂತು. ನಿಮಗೆ ಬೇಕಾದ ಸುದ್ದಿ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. ಹನ್ನೊಂದು ದಿನ ಮಾಡಿ ಒಂದು ದಿನ ಬಿಟ್ಟವರು ಸೋತವರಲ್ಲ, ಹನ್ನೊಂದು ದಿನ ಮಾಡಿದವರು. ನಾಳೆಯದು ಹನ್ನೆರಡನೆಯದು, ಅಷ್ಟೇ.

ಪ್ರಶ್ನೆ: ವಯಸ್ಸು 39. ಒಂದೂವರೆ ವರ್ಷದಲ್ಲಿ 16 ಕಿಲೋ ಇಳಿಸಿದ್ದೇನೆ. ನಡಿಗೆ ಮತ್ತು ಊಟದ ಶಿಸ್ತು, ಇವೆರಡರಿಂದಲೇ. ಎಲ್ಲರೂ ಹೊಗಳುತ್ತಾರೆ. ಆದರೆ ಒಳಗೆ ನಾನು ಹಾಗೇ ಇದ್ದೇನೆ. ಫೋಟೋದಲ್ಲಿ ಈಗಲೂ ಹಿಂದಿನ ಸಾಲು. ಆಫೀಸಿನ ಮೀಟಿಂಗ್‌ನಲ್ಲಿ ಬಾಯಿ ಬಿಡಲ್ಲ. ದಿನಾ ಬೆಳಿಗ್ಗೆ ತೂಕ ನೋಡುತ್ತೇನೆ, ಅರ್ಧ ಕಿಲೋ ಏರಿದರೂ ಇಡೀ ದಿನ ಹಾಳು. ತೂಕ ಇಳಿದ ಮೇಲೆ ಧೈರ್ಯ ಬರುತ್ತೆ ಅಂದುಕೊಂಡಿದ್ದೆ. ಯಾಕೆ ಬರಲಿಲ್ಲ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲಿಗೆ, 16 ಕಿಲೋ ಇಳಿಸಿ ಅದನ್ನು ಉಳಿಸಿಕೊಂಡಿರುವುದು ಸುಮ್ನೆ ಆಗುವ ಕೆಲಸವಲ್ಲ. ಮನಸಾರೆ ಮೆಚ್ಚುತ್ತೇನೆ.

ಮೈ ಬದಲಾದಷ್ಟು ಬೇಗ ಮನಸ್ಸಿನೊಳಗಿನ ಚಿತ್ರ ಬದಲಾಗುವುದಿಲ್ಲ. ತೂಕ ಇಳಿಸಿದವರು ಎರಡು ಕುರ್ಚಿಗಳ ನಡುವೆ ಧಾರಾಳ ಜಾಗವಿದ್ದರೂ ಮೈ ಓರೆ ಮಾಡಿಕೊಂಡು ದಾಟುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಗಡಿಯಲ್ಲಿ ಹಳೆಯ ಸೈಜನ್ನೇ ಕೇಳುತ್ತಾರೆ. ಇದು ನಿಮ್ಮೊಬ್ಬರ ಕೊರತೆ ಅಲ್ಲ. ಕಾಲ ಕೊಟ್ಟರೆ ಸರಿಹೋಗುತ್ತದೆ.

ಆದರೆ ನಿಮ್ಮ ಕಷ್ಟದ ಬೇರು ಇನ್ನೊಂದು ಕಡೆ ಇದೆ ಅಂತ ನನಗನ್ನಿಸುತ್ತದೆ. ನಿಮ್ಮ ಗೆಲುವಿಗೆ ಇರುವುದು ಎರಡೇ ಸಾಕ್ಷಿ: ತೂಕದ ಯಂತ್ರ ಮತ್ತು ಬೇರೆಯವರ ಹೊಗಳಿಕೆ. ಎರಡೂ ನಿಮ್ಮ ಕೈಯಲ್ಲಿಲ್ಲ. ಹೊಗಳುವವರು ನಾಳೆ ಮರೆಯುತ್ತಾರೆ. ತೂಕವಂತೂ ಒಂದೇ ದಿನದಲ್ಲಿ ಒಂದೆರಡು ಕಿಲೋ ಹಿಂದೆ ಮುಂದೆ ಆಗುತ್ತದೆ. ಉಪ್ಪು ಜಾಸ್ತಿ ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಅಂತ ಪಿಷ್ಟ ಕೂಡಿಡುವಾಗ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಇನ್ನಷ್ಟು. ಇದ್ಯಾವುದೂ ಕೊಬ್ಬಲ್ಲ. ಈ ಏರಿಳಿತಕ್ಕೆ ನೀವು ಇಡೀ ದಿನ ಬಲಿ ಕೊಡುತ್ತಿದ್ದೀರಿ. ಯಂತ್ರವನ್ನು ಎರಡು ವಾರಕ್ಕೊಮ್ಮೆ ಮಾತ್ರ ಹತ್ತಿ.

ಅದರ ಬದಲು ಯಾರೂ ಕಿತ್ತುಕೊಳ್ಳಲಾಗದ ಸಾಕ್ಷಿ ಬೇಕು. ಡೆಡ್‌ಲಿಫ್ಟ್ ಕಲಿಯಿರಿ. ನೆಲದ ಮೇಲಿನ ಭಾರದ ಸರಳನ್ನು (ಬಾರ್) ಹಿಡಿದು ನೆಟ್ಟಗೆ ಎದ್ದು ನಿಲ್ಲುವ ವ್ಯಾಯಾಮ ಅದು. ಹಗುರ ಭಾರದಿಂದ, ಕಲಿಸುವವರು ಪಕ್ಕದಲ್ಲಿದ್ದಾಗ. ಬಾರ್ ಮೊಣಕಾಲಿನ ಕೆಳಗಿನ ಎಲುಬಿಗೆ ತಾಗುವಷ್ಟು ಹತ್ತಿರ ಇರಲಿ. ಸೊಂಟ ಹಿಂದಕ್ಕೆ, ಬೆನ್ನು ನೇರ. ಉಸಿರು ಎಳೆದು ಹೊಟ್ಟೆ ಬಿಗಿ ಹಿಡಿದು, ಪಾದದಿಂದ ನೆಲವನ್ನು ಒತ್ತಿ. ಮೊದಲ ಕ್ಷಣ ಬಾರ್ ಮಿಸುಕುವುದಿಲ್ಲ. ಆಮೇಲೆ ಎದ್ದೇಬಿಡುತ್ತದೆ. ನೆಲದ ಮೇಲಿದ್ದ 40 ಕಿಲೋ ನೀವು ಎತ್ತಿದ್ದಕ್ಕೇ ಎದ್ದಿತು, ಅಲ್ವಾ? ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ. ಮೈಗೂ ಇದು ಬೇಕು. ಬರೀ ನಡಿಗೆ ಮತ್ತು ಪಥ್ಯದಿಂದ ತೂಕ ಇಳಿದಾಗ ಕೊಬ್ಬಿನ ಜೊತೆ ಸ್ವಲ್ಪ ಸ್ನಾಯುವೂ ಕರಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮದ ಜೊತೆಗೆ, ಕಡಿಮೆ ಅಂದರೂ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕೆಲಸ ಇರಲಿ ಅಂತಿದೆ.

ಮೀಟಿಂಗ್ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಭಾರ ಎತ್ತುವುದರಿಂದ ಮಾತಿನ ಭಯ ತಾನಾಗಿ ಹೋಗುವುದಿಲ್ಲ. ಜಿಮ್ ಕಲಿಸುವುದು ಒಂದು ದಾರಿ: ಕಡಿಮೆ ಭಾರ, ಸ್ವಲ್ಪ ಸ್ವಲ್ಪ ಏರಿಕೆ, ತಪ್ಪದ ಅಭ್ಯಾಸ. ಅದೇ ದಾರಿಯಲ್ಲಿ ಮಾತನ್ನೂ ಕಲಿಯಬೇಕು. ಈ ವಾರದ ಮೀಟಿಂಗ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ, ಮೊದಲೇ ಬರೆದುಕೊಂಡು ಹೋದರೂ ಸರಿ. ಎರಡು ವಾರ ಬಿಟ್ಟು ಒಂದು ಅಭಿಪ್ರಾಯ ಹೇಳಿ. ಅದನ್ನೂ ಡೆಡ್‌ಲಿಫ್ಟ್ ಬರೆಯುವ ಪುಸ್ತಕದಲ್ಲೇ ಬರೆಯಿರಿ.

ಫೋಟೋ ಬಗ್ಗೆ ಆತುರ ಬೇಡ. 'ಮೊದಲು ಹೀಗಿದ್ದೆ, ಈಗ ಹೀಗಿದ್ದೇನೆ' ಅಂತ ಜೋಡಿ ಚಿತ್ರ ಇಡುವುದನ್ನು ನಾನು ನನ್ನ ಹತ್ತಿರ ಕಲಿಯುವವರಿಗೆ ಹೇಳುವುದೇ ಇಲ್ಲ. ಮೊದಲ ಚಿತ್ರದಲ್ಲಿರುವ ಹೆಂಗಸು ನಾಚಿಕೆ ಪಡುವಂಥದ್ದೇನು ಮಾಡಿದ್ದಳು? ಎದ್ದು ಹೊರಟವಳು ಅವಳೇ. ತೂಕದ ಚಿಂತೆಯಿಂದ ಊಟವನ್ನೇ ಹೆದರಿ ಬಿಡುವ ಹಾಗಾದರೆ ಮಾತ್ರ ತಡ ಮಾಡದೆ ಡಾಕ್ಟರ್ ಅಥವಾ ಆಪ್ತ ಸಮಾಲೋಚಕರನ್ನು ನೋಡಿ.

ಪ್ರಶ್ನೆ: ನನ್ನ ಮಗನಿಗೆ 17. ಮೈ ಚೆನ್ನಾಗಿ ಬೆಳೆದಿದೆ, ಆದರೂ ದಿನವಿಡೀ 'ನಾನು ಸಣ್ಣ' ಅನ್ನುತ್ತಾನೆ. ಭುಜ ನೋವಿದ್ದರೂ ಜಿಮ್ ಬಿಡಲ್ಲ. ಮನೆಯವರ ಜೊತೆ ಊಟಕ್ಕೆ ಕೂರಲ್ಲ. ಏನೇನೋ ಡಬ್ಬಿ ತರಿಸುತ್ತಾನೆ. ಮೊದಲು ಧೈರ್ಯ ಬರಲಿ ಅಂತ ನಾನೇ ಜಿಮ್‌ಗೆ ಸೇರಿಸಿದ್ದೆ. (ಒಬ್ಬ ತಾಯಿ)

ಉತ್ತರ: ಅಮ್ಮಾ, ನೀವು ಗಮನಿಸಿದ್ದು ಸರಿಯಾಗಿದೆ. ಎಷ್ಟು ಬೆಳೆದರೂ ಸಣ್ಣ ಅನ್ನಿಸುವ ಈ ಸಂಕಟಕ್ಕೆ ವೈದ್ಯರು ಮಸಲ್ ಡಿಸ್ಮಾರ್ಫಿಯಾ ಅನ್ನುತ್ತಾರೆ. ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಜೊತೆಗಾರರು 1997ರಲ್ಲಿ ಈ ಹೆಸರಿನಿಂದ ವಿವರಿಸಿದರು. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯಲ್ಲೂ ಇದಕ್ಕೆ ಜಾಗ ಇದೆ. ಮಗನಿಗೆ ಇದೇ ಇದೆ ಅಂತ ಪತ್ರ ಓದಿ ನಾನು ಹೇಳಲಾರೆ. ಮನೋವೈದ್ಯರು ನೋಡಬೇಕು, ಬೇಗ ನೋಡಬೇಕು.

ಅಲ್ಲಿಯವರೆಗೆ, 'ಚೆನ್ನಾಗೇ ಇದ್ದೀಯಲ್ಲೋ' ಅಂತ ವಾದ ಮಾಡಬೇಡಿ. ಅವನ ಕಣ್ಣಿಗೆ ಅದು ಕಾಣುತ್ತಿಲ್ಲ. ಜಿಮ್ ಬಂದ್ ಅಂತ ಒಮ್ಮೆಲೇ ಕಟ್ಟುಪಾಡು ಹಾಕಿದರೆ ಕದ್ದು ಹೋಗುತ್ತಾನೆ. ಏನು ತಗೊಳ್ಳುತ್ತಿದ್ದಾನೆ ಅಂತ ಸಿಟ್ಟಿಲ್ಲದೆ ಕೇಳಿ. ಡಬ್ಬಿಗಳನ್ನು ಡಾಕ್ಟರಿಗೆ ತೋರಿಸಿ. ಸ್ನಾಯು ಉಬ್ಬಿಸುವ ಸ್ಟೆರಾಯ್ಡ್ ಔಷಧ ಇದ್ದರೆ ಅಪಾಯ ದೊಡ್ಡದು. ಬೆಳೆಯುವ ವಯಸ್ಸಿನಲ್ಲಿ ಅದು ಎಲುಬಿನ ತುದಿಗಳನ್ನು ಬೇಗ ಮುಚ್ಚಿ ಎತ್ತರ ನಿಲ್ಲಿಸಬಹುದು. ಹೃದಯ, ಲಿವರ್, ಮೈ ತಾನೇ ತಯಾರಿಸುವ ಹಾರ್ಮೋನು ಎಲ್ಲಕ್ಕೂ ಪೆಟ್ಟು. ತಾನಾಗಿ ಒಮ್ಮೆಲೇ ನಿಲ್ಲಿಸುವುದೂ ಬೇಡ, ಡಾಕ್ಟರ್ ಹೇಳಿದ ಹಾಗೆ ಆಗಲಿ. ಜಿಮ್‌ಗೆ ಸೇರಿಸಿದ್ದು ನಿಮ್ಮ ತಪ್ಪಲ್ಲ. ಆ ಭಾರ ಇಳಿಸಿಬಿಡಿ.

ಪ್ರಶ್ನೆ: ನಿವೃತ್ತ, ವಯಸ್ಸು 68. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಧೈರ್ಯ ಮುರಿಯಿತು. ಈಗ ಒಬ್ಬನೇ ಹೊರಗೆ ಹೋಗಲಾರೆ. ಈ ವಯಸ್ಸಿನಲ್ಲಿ ವ್ಯಾಯಾಮದಿಂದ ಪ್ರಯೋಜನ ಉಂಟೇ?

ಉತ್ತರ: ಖಂಡಿತ ಉಂಟು ಸರ್. 1990ರಲ್ಲಿ ಮರಿಯಾ ಫಿಯಟರೋನ್ ಮತ್ತು ತಂಡ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿತು. ಪೂರ್ತಿ ಮುಗಿಸಿದವರ ಕಾಲಿನ ಶಕ್ತಿ ಸರಾಸರಿ ಶೇಕಡ 174 ಹೆಚ್ಚಿತು. ಅವರ ಮುಂದೆ ನೀವು ಹುಡುಗರು.

ಬೀಳುವ ಭಯಕ್ಕೆ ಓಡಾಟ ಕಡಿಮೆ ಮಾಡುತ್ತೇವೆ. ಓಡಾಟ ಕಡಿಮೆಯಾದರೆ ಕಾಲು ಸೋಲುತ್ತದೆ. ಕಾಲು ಸೋತರೆ ಬೀಳುವುದು ನಿಜವೇ ಆಗುತ್ತದೆ. ಅದಕ್ಕೇ ಮೊದಲು ಡಾಕ್ಟರ್ ಹತ್ತಿರ ಬಿಪಿ, ಕಣ್ಣು, ತಗೊಳ್ಳುತ್ತಿರುವ ಮಾತ್ರೆಗಳನ್ನು ತೋರಿಸಿ, ವ್ಯಾಯಾಮಕ್ಕೆ ಒಪ್ಪಿಗೆ ಪಡೆಯಿರಿ. ಆಮೇಲೆ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೂತು ಏಳಿ. ಮೊದಲು ಕೈ ಊರಿಕೊಂಡೇ ಆಗಲಿ, ಸೀಟಿನ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಂಡರೂ ಆಯಿತು. ಕೂರುವಾಗ ಧೊಪ್ಪನೆ ಬೀಳದೆ, ಮೂರು ಎಣಿಸುತ್ತಾ ಇಳಿಯಿರಿ. ಶಕ್ತಿ ಬೆಳೆಯುವುದು ಆ ಇಳಿಯುವುದರಲ್ಲೂ ಇದೆ. ದಿನ ಬಿಟ್ಟು ದಿನ ಸಾಕು.

ಕಾಲು ಸ್ವಲ್ಪ ಗಟ್ಟಿಯಾದ ಮೇಲೆ, ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೆಲದಿಂದ ಏಳುವುದನ್ನು ಕಲಿಯಿರಿ. ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಕೈ ಮಂಡಿಗಳ ಮೇಲೆ ಬನ್ನಿ. ಕುರ್ಚಿ ಹತ್ತಿರ ಸರಿದು, ಎರಡೂ ಕೈ ಸೀಟಿನ ಮೇಲಿಟ್ಟು, ಒಂದು ಪಾದ ಮುಂದೆ ಊರಿ ಎದ್ದೇಳಿ. ಬಿದ್ದರೂ ಏಳುವುದು ನನಗೆ ಗೊತ್ತು ಅನ್ನಿಸಿದ ದಿನ ಹೊರಗಿನ ಬಾಗಿಲು ದಾಟುವುದು ಸುಲಭ ಆಗುತ್ತದೆ. ಕೈ ಊರದೆ ಐದು ಸಲ ಏಳಲು ಬಂದಾಗ ನನಗೊಂದು ಪತ್ರ ಬರೆಯಿರಿ. ಮುಂದಿನ ಹಂತ ಆಗ ಹೇಳುತ್ತೇನೆ.