ಪ್ರತಿಕ್ರಿಯೆ: ಹ್ಯಾಲೋವೀನ್‌ಗೆ ಕ್ಯಾಂಡಿ ಬದಲು ಚಿಕ್ಕಿ ಕೊಡಬಹುದಾ?

ನ್ಯೂಜೆರ್ಸಿಯಲ್ಲಿ ನಿಮಗಿದು ಮೊದಲ ಹ್ಯಾಲೋವೀನ್, ಅವತ್ತು ವೇಷ ಹಾಕಿಕೊಂಡು ಕ್ಯಾಂಡಿ ಕೇಳುತ್ತಾ ಬಾಗಿಲಿಗೆ ಬರುವ ಮಕ್ಕಳಿಗೆ ಮನೆಯಲ್ಲಿ ಮಾಡಿದ ಶೇಂಗಾ ಚಿಕ್ಕಿ ಕೊಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಶೇಂಗಾ ಅಲರ್ಜಿ ಇರುವ ಮಗುವಿಗೆ ಅದು ಪ್ರಾಣಕ್ಕೇ ಅಪಾಯ. ಜೊತೆಗೆ, ಗುರುತಿಲ್ಲದ ಮನೆಯಲ್ಲಿ ಮಾಡಿದ ತಿಂಡಿಯನ್ನು ಇಲ್ಲಿನ ಹೆಚ್ಚಿನ ತಂದೆತಾಯಿ ಮಕ್ಕಳಿಗೆ ಕೊಡುವುದಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ್ದು ಸುಮ್ನೆ ಕಸಕ್ಕೆ ಹೋಗುತ್ತದೆ.

ತಿನ್ನುವ ವಸ್ತುವೇ ಆಗಬೇಕಿಲ್ಲ. ಸ್ಟಿಕ್ಕರ್, ಪೆನ್ಸಿಲ್, ಕತ್ತಲಲ್ಲಿ ಹೊಳೆಯುವ ಗ್ಲೋ ಬಳೆ ಇಡಿ. ನಾನು ಎರಡು ಬುಟ್ಟಿ ಇಡುತ್ತೇನೆ, ಗ್ಲೋ ಬಳೆಯೇ ಮೊದಲು ಖಾಲಿ! ಬಾಗಿಲ ಮುಂದೆ ಹಸಿರು-ನೀಲಿ ಬಣ್ಣದ ಕುಂಬಳಕಾಯಿ ಇಟ್ಟರೆ, ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಇದೆ ಅಂತ ಅರ್ಥ. ಪುಟಾಣಿಗಳಿಗೆ ಮಾತ್ರ ಚಿಕ್ಕ ಚಿಕ್ಕ ಆಟಿಕೆ ಬೇಡ, ಗಂಟಲಿಗೆ ಸಿಕ್ಕೀತು.

ನಿಮ್ಮ ಮಗ ತರುವ ಕ್ಯಾಂಡಿಯನ್ನು ಪೂರ್ತಿ ಕಿತ್ತುಕೊಳ್ಳಬೇಡಿ, ಪಾಪ. ಹೊರಡುವ ಮುಂಚೆ ಹೊಟ್ಟೆ ತುಂಬ ಊಟ ಹಾಕಿ. ಆಮೇಲೆ ದಿನಕ್ಕೆ ಒಂದೆರಡು, ಅದೂ ಊಟವಾದ ಕೂಡಲೇ. ಎರಡು ವರ್ಷ ದಾಟಿದ ಮಕ್ಕಳಿಗೆ ತಿಂಡಿ-ಪಾನೀಯಗಳಿಗೆ ಮೇಲಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಇರಲಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ಅಂದರೆ ಸುಮಾರು ಆರು ಟೀ ಚಮಚ, ಅಷ್ಟೇ.

ಹಬ್ಬದ ಅಲಂಕಾರಕ್ಕೆ ಕುಂಬಳಕಾಯಿ ಕೊರೆದಾಗ ಬೀಜ ಎಸೆಯಬೇಡಿ. ತೊಳೆದು, ಒಣಗಿಸಿ, ಉಪ್ಪು ಖಾರ ಹಾಕಿ ಹುರಿಯಿರಿ. ಚಿಕ್ಕಿ ಮನೆಯವರಿಗಿರಲಿ.